ಜಾತ್ರೆಯ ಮಜ್ಜಿಗೆಗೆ ಸ್ಟೀಲ್ ಲೋಟ ಬರಲಿ

ಮಾನ್ಯ ಸಂಪಾದಕರೇ,

ಈ ಸಲ ನಮ್ಮ ಕಲಬುರಗಿಯ ಶರಣಬಸವೇಶ್ವರರ ತೇರು ಎಳೆದ ಮರುದಿನ ಬೆಳಿಗ್ಗೆ ಐದೂವರೆಗೆ ನಾನು ಗುಡಿ ಕಡೆಗೆ ಹೋಗಿದ್ದೆ. ಹಿಂದಿನ ದಿನ ನಮ್ಮ ಗಲ್ಲಿಯವರು ಹಾಕಿದ್ದ ಮಜ್ಜಿಗೆ ಅರವಟ್ಟಿಗೆಯ ಡ್ರಮ್ಮು, ಟೇಬಲ್ಲು ಅಲ್ಲೇ ಉಳಿದಿದ್ದವು, ಅವನ್ನು ತರಬೇಕಿತ್ತು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನಮ್ಮ ಟೇಬಲ್ಲಿನ ಹಿಂದಿನ ಚರಂಡಿಯಲ್ಲಿ ಒಬ್ಬ ಪೌರಕಾರ್ಮಿಕ ಅಕ್ಕ ಬಗ್ಗಿ ನಿಂತು ಬರಿಗೈಯಿಂದ ಪೇಪರ್ ಕಪ್ಪು ತೆಗೆಯುತ್ತಿದ್ದರು. ಒಂದರೊಳಗೊಂದು ಸಿಕ್ಕಿಕೊಂಡ ಕಪ್ಪುಗಳು. ಒಳಗೆ ಹುಳಿ ಬಂದ ಮಜ್ಜಿಗೆ. ಅಂಚಿಗೆ ಕೊತ್ತಂಬರಿ ಎಲೆ ಅಂಟಿಕೊಂಡಿತ್ತು. ಆ ಕೊತ್ತಂಬರಿ ನಮ್ಮ ಮನೆಯಲ್ಲೇ ಹೆಚ್ಚಿದ್ದು, ಅವ್ವ ರಾತ್ರಿ ಹನ್ನೊಂದರ ತನಕ ಕೂತು ಹೆಚ್ಚಿದ್ದಳು.

"ಇವು ನಿಮ್ಮವೇನ್ರೀ?" ಅಂತ ಆ ಅಕ್ಕ ಕೇಳಿದರು. ಸಿಟ್ಟೇನೂ ಇರಲಿಲ್ಲ, ಸುಮ್ನೆ ಕೇಳಿದರು. ಹೌದ್ರಿ ಅಂದೆ. "ಮಜ್ಜಿಗಿ ಚಲೋ ಇತ್ತು, ನಾನೂ ಕುಡದೀನಿ" ಅಂದು ಮತ್ತೆ ಬಗ್ಗಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಾನೂ ಪಕ್ಕದಲ್ಲಿ ನಿಂತು ಕಪ್ಪು ಹೆಕ್ಕಿದೆ. ಒಂದು ಗೋಣಿಚೀಲ ತುಂಬಿತು. ನಮ್ಮ ಒಂದೇ ಅರವಟ್ಟಿಗೆಯ ಕಸ ಅದು, ಅದೂ ಚರಂಡಿಗೆ ಬಿದ್ದಿದ್ದು ಮಾತ್ರ. ಗುಡಿಗೆ ಬರುವ ದಾರಿಗಳಲ್ಲಿ ಅವತ್ತು ಎಷ್ಟು ಅರವಟ್ಟಿಗೆ ಇದ್ದವು ಅಂತ ಜಾತ್ರೆಗೆ ಬಂದವರಿಗೆಲ್ಲ ಗೊತ್ತು.

ಆ ಬೆಳಿಗ್ಗೆಯಿಂದ ಈ ಪತ್ರ ತಲೆಯಲ್ಲಿ ಓಡುತ್ತಿದೆ. ನಾನು ಕೇಳುವುದು ಇಷ್ಟೇ. ಮುಂದಿನ ವರ್ಷ ಹೋಳಿ ಹುಣ್ಣಿಮೆ ಕಳೆದು ಐದನೇ ದಿನ ತೇರು ಎಳೆಯುವಾಗ, ನಮ್ಮ ಅರವಟ್ಟಿಗೆಗಳಲ್ಲಿ ಎಸೆಯುವ ಕಪ್ಪು ಬೇಡ, ತೊಳೆದು ಬಳಸುವ ಸ್ಟೀಲ್ ಲೋಟ ಇಡೋಣ. ಅದನ್ನು ತೊಳೆಯುವುದಕ್ಕೆ, ಹಂಚುವುದಕ್ಕೆ, ವಾಪಸ್ ತಗೊಳ್ಳುವುದಕ್ಕೆ ಸೇವೆಗೆ ಬರುವವರನ್ನು ಪಾಳಿ ಹಾಕಿ ನಿಲ್ಲಿಸೋಣ. ಇದು ಆಗುವ ಕೆಲಸ ಅಂತ ನನಗೆ ಗೊತ್ತಿದೆ, ಯಾಕೆಂದರೆ ಇನ್ನೊಂದು ಕಡೆ ಇದನ್ನು ನನ್ನ ಕೈಯಿಂದಲೇ ಮಾಡಿ ಬಂದಿದ್ದೇನೆ. ಎಲ್ಲಿ ಅಂತ ಹೇಳಿದರೆ ಕೆಲವರಿಗೆ ಇರಿಸುಮುರಿಸು ಆಗಬಹುದು. ಆದರೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಒಂದು ಬಿಯರ್ ಹಬ್ಬದಲ್ಲಿ.

ದಯವಿಟ್ಟು ಇಲ್ಲಿಗೇ ಪತ್ರ ಮಡಚಿಡಬೇಡಿ. ಶರಣರ ಜಾತ್ರೆ ಎಲ್ಲಿ, ಬಿಯರ್ ಎಲ್ಲಿ ಅಂತ ನಮ್ಮ ಮನೆಯಲ್ಲೇ ಅಪ್ಪ ಕೇಳಿದರು. ನಾನು ಕುಡಿಯುವವನಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮ ಗಲ್ಲಿಯಲ್ಲೇ ನೋಡಿ ಬೆಳೆದವನು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ನಮ್ಮ ಓಣಿಯ ಹೆಂಗಸರು ಎಷ್ಟು ಹಗುರಾದರು ಅನ್ನುವುದು ನನಗೆ ಇವತ್ತಿಗೂ ನೆನಪಿದೆ. ನಮ್ಮೂರಿಗೆ ಬಿಯರ್ ಹಬ್ಬ ತನ್ನಿ ಅಂತ ನಾನು ಬರೆಯುತ್ತಿಲ್ಲ. ಅಲ್ಲಿ ಕುಡಿಯುವ ಜಾಗದಲ್ಲೇ ಅಷ್ಟು ಅಚ್ಚುಕಟ್ಟಾಗಿ ಲೋಟ ತಿರುಗಿಸುತ್ತಾರೆ, ಸೇವೆಗೆ ಬಂದವರನ್ನು ಅಷ್ಟು ಜೋಪಾನ ಮಾಡುತ್ತಾರೆ. ಮಜ್ಜಿಗೆ ಹಂಚುವ ನಮಗೆ ಅದು ಯಾಕೆ ಆಗಬಾರದು ಅನ್ನುವುದೇ ನನ್ನ ಮಾತು.

ನಾನು ಕೆಲಸದ ಮೇಲೆ ನಾಲ್ಕು ವರ್ಷ ಕೇಂಬ್ರಿಜ್‌ನಲ್ಲಿದ್ದೆ. ಅಪ್ಪನ ಆರೋಗ್ಯ ಸರಿ ಇರಲಿಲ್ಲ ಅಂತ ವಾಪಸ್ ಬಂದೆ. ಅಲ್ಲಿ ಕ್ಯಾಮ್ ನದಿ ದಂಡೆಯಲ್ಲಿ ಜೀಸಸ್ ಗ್ರೀನ್ ಅಂತ ದೊಡ್ಡ ಹುಲ್ಲಿನ ಬಯಲಿದೆ. ಪ್ರತಿ ಮೇ ತಿಂಗಳಲ್ಲಿ ಅಲ್ಲಿ ದೊಡ್ಡ ಡೇರೆ ಹೊಡೆದು ಬಿಯರ್ ಹಬ್ಬ ಮಾಡುತ್ತಾರೆ. 1974ರಲ್ಲಿ ಶುರುವಾದದ್ದು. ನಡೆಸುವವರು ಕಾಮ್ರಾ ಅನ್ನುವ ಸಂಘದವರು. 1971ರಲ್ಲಿ ನಾಲ್ಕೇ ಜನ ಸೇರಿ ಕಟ್ಟಿದ ಸಂಘ ಅದು. ದೊಡ್ಡ ದೊಡ್ಡ ಕಾರ್ಖಾನೆಗಳ ಬಿಯರ್ ಬಂದು, ಪೀಪಾಯಿಯಲ್ಲೇ ಪಕ್ವವಾಗುವ ತಮ್ಮ ಹಳೇ ಕಾಲದ ಬಿಯರ್ ಮರೆಯಾಗುತ್ತಿದೆ ಅಂತ ಅವರಿಗೆ ಸಂಕಟವಾಗಿತ್ತು. ಅದಕ್ಕೆ ಈ ಹಬ್ಬಗಳು. ನನಗೆ ಹಿಡಿಸಿದ್ದು ಬೇರೆ ವಿಷಯ. ಬಿಯರ್ ಹಾಕಿಕೊಡುವವರು, ಬಾಗಿಲಲ್ಲಿ ನಿಲ್ಲುವವರು, ಟೋಕನ್ ಮಾರುವವರು, ಡೇರೆ ಒಳಗೆ ಕಸ ಗುಡಿಸುವವರು, ಎಲ್ಲರೂ ಸಂಬಳ ಇಲ್ಲದೆ ಬಂದವರು. ಕಾಲೇಜು ಮೇಷ್ಟ್ರು, ಬಸ್ ಡ್ರೈವರ್, ನಿವೃತ್ತ ನರ್ಸ್, ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ನಿಲ್ಲುತ್ತಿದ್ದರು. ಸಂಘ ಕಟ್ಟಿ ಅರ್ಧ ಶತಮಾನ ಆದ ಮೇಲೂ ಜನ ಇನ್ನೂ ರಜೆ ಹಾಕಿ ಬರುತ್ತಾರಲ್ಲ, ಅದು ನನಗೆ ನಮ್ಮ ಜಾತ್ರೆಯ ಸೇವೆಯ ಹಾಗೇ ಕಂಡಿತು.

ಆಫೀಸಿನ ಗೆಳೆಯನೊಬ್ಬ ಪ್ರತಿ ವರ್ಷ ಹೋಗುತ್ತಿದ್ದ. ನೀನೂ ಬಾ ಅಂದ. ನಾನು ಕುಡಿಯಲ್ಲ ಅಂದೆ. ಲೋಟದ ಕೌಂಟರಿಗೆ ಕುಡಿಯದವರೇ ಬೇಕು, ಲೆಕ್ಕ ತಪ್ಪಲ್ಲ ಅಂದ. ಹೋದೆ. ಎರಡು ವರ್ಷ ಹೋದೆ.

ಹೋಗುವ ಮೊದಲು ಒಂದು ಅರ್ಜಿ ತುಂಬಬೇಕು. ಯಾವ ದಿನ ಬರ್ತೀರಿ, ಎಷ್ಟು ಗಂಟೆ ಇರ್ತೀರಿ, ಯಾವ ಕೆಲಸ ಮಾಡ್ತೀರಿ, ಭಾರ ಎತ್ತೋಕೆ ಆಗುತ್ತಾ, ಬೆನ್ನು ನೋವು ಇದೆಯಾ, ಊಟದಲ್ಲಿ ಏನು ಬೇಡ. ಇಷ್ಟನ್ನೂ ಮೊದಲೇ ಕೇಳಿದ್ದರು. ಭಾರದ ವಿಷಯ ಯಾಕೆ ಕೇಳಿದರು ಅಂತ ಆಮೇಲೆ ಗೊತ್ತಾಯಿತು. ಅಲ್ಲಿಯ ಸಾಮಾನ್ಯ ಪೀಪಾಯಿ ಒಂಬತ್ತು ಗ್ಯಾಲನ್‌ದು, ಅಂದರೆ ಸುಮಾರು 41 ಲೀಟರ್. ತುಂಬಿದಾಗ ಹತ್ತಿರ ಹತ್ತಿರ 50 ಕೆಜಿ. ಅದನ್ನು ಎತ್ತಿ ಅಡ್ಡಡ್ಡ ಮಲಗಿಸಿ, ಕನಿಷ್ಠ ಒಂದು ದಿನ ಅಲುಗಾಡಿಸದೆ ಬಿಡಬೇಕು. ಒಳಗಿನ ಯೀಸ್ಟ್ ತಳಕ್ಕೆ ಇಳಿಯಬೇಕಲ್ಲ. ಹಬ್ಬದ ದಿನ ಡೇರೆ ಒಳಗೆ ಸೆಕೆ ಎಷ್ಟೇ ಇರಲಿ, ಪೀಪಾಯಿ ಮಾತ್ರ 12 ಡಿಗ್ರಿ ಆಸುಪಾಸು ಇರಬೇಕು, ಅದಕ್ಕೆ ತಣ್ಣೀರಿನ ಪೈಪು ಸುತ್ತಿ ಮೇಲೆ ದಪ್ಪ ಹೊದಿಕೆ ಹೊದಿಸುತ್ತಿದ್ದರು. ನಮ್ಮ ಕಡೆ ಮಡಿಕೆಗೆ ಹಸಿ ಗೋಣಿತಟ್ಟು ಸುತ್ತುವುದೇ ನೆನಪಾಗುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅದರ ಜವಾಬ್ದಾರಿ ಇದ್ದವರು ಒಂದೊಂದು ಪೀಪಾಯಿಯದೂ ರುಚಿ ನೋಡುತ್ತಿದ್ದರು. ಕೆಟ್ಟಿದ್ದರೆ ಆ ಪೀಪಾಯಿಗೆ ಚೀಟಿ ಅಂಟಿಸಿ ಬಿಡುವುದು, ಯಾರಿಗೂ ಹಾಕಿಕೊಡುವ ಹಾಗಿಲ್ಲ.

ನಾನು ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಸಲ ನಮ್ಮ ಅರವಟ್ಟಿಗೆಯಲ್ಲಿ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಒಂದು ಡ್ರಮ್ ಮಜ್ಜಿಗೆ ಹುಳಿ ಬಂದಿತ್ತು. ಬಿಸಿಲಿಗೆ ಇಟ್ಟಿದ್ದರು. ರುಚಿ ನೋಡುವ ಕೆಲಸ ಯಾರದು ಅಂತ ಯಾರೂ ಹೇಳಿರಲಿಲ್ಲ. ನಾವು ಅರ್ಧ ಡ್ರಮ್ ಹಂಚಿದ ಮೇಲೆ ಒಬ್ಬ ಹುಡುಗಿ ಮುಖ ಕಿವುಚಿದಳು, ಆಗ ಗೊತ್ತಾಯಿತು. ಬಿಸಿಲಲ್ಲಿ ನಡೆದು ಬಂದವರಿಗೆ ಹುಳಿ ಮಜ್ಜಿಗೆ ಕೊಟ್ಟೆವಲ್ಲ ಅಂತ ಇವತ್ತಿಗೂ ಬೇಸರ ಆಗುತ್ತದೆ. ಐಸ್ ಗಡ್ಡೆಯದೂ ಅದೇ ಕಥೆ. ಗೋಣಿಯಲ್ಲಿ ಸುತ್ತಿ ತಂದಿದ್ದನ್ನು ಒಡೆದು ಡ್ರಮ್ಮಿಗೆ ಹಾಕುತ್ತೇವೆ. ಅದು ಕುಡಿಯುವ ನೀರಿಂದ ಮಾಡಿದ್ದೋ, ಮೀನು ಇಡುವುದಕ್ಕೆ ಮಾಡಿದ್ದೋ ಕೇಳುವವರಿಲ್ಲ. ಐಸನ್ನು ಡ್ರಮ್ಮಿನ ಒಳಗೆ ಹಾಕುವ ಬದಲು, ದೊಡ್ಡ ಬುಟ್ಟಿಯಲ್ಲಿ ಐಸ್ ಹಾಕಿ ಅದರ ನಡುವೆ ಮಜ್ಜಿಗೆ ಕೊಳಗ ಇಟ್ಟರೆ ಸಾಕು. ಆಗ ಆ ನೀರು ಹೊಟ್ಟೆಗೆ ಹೋಗುವುದಿಲ್ಲ.

ಇರಲಿ, ಲೋಟಕ್ಕೆ ಬರುತ್ತೇನೆ.

ಅಲ್ಲಿ ಒಳಗೆ ಹೋಗುವಾಗಲೇ ಒಂದು ಗಾಜಿನ ಲೋಟ ತಗೊಳ್ಳಬೇಕು. ಅದಕ್ಕೆ ಒಂದಿಷ್ಟು ದುಡ್ಡು ಇಟ್ಟುಕೊಳ್ಳುತ್ತಾರೆ, ನಾನಿದ್ದಾಗ ಮೂರು ಪೌಂಡ್. ಇಡೀ ಸಂಜೆ ಅದೇ ಲೋಟ ಹಿಡಿದು ತಿರುಗುವುದು. ಲೋಟದ ಮೇಲೆ ಗೆರೆ ಇರುತ್ತದೆ, ಪೂರ್ತಿಗೆ ಒಂದು, ಅರ್ಧಕ್ಕೆ ಒಂದು, ಮೂರನೇ ಒಂದು ಭಾಗಕ್ಕೆ ಒಂದು. ಹಾಕಿಕೊಡುವವರು ಆ ಗೆರೆ ಮುಟ್ಟಿಸಲೇಬೇಕು. ಮನೆಗೆ ಹೋಗುವಾಗ ಲೋಟ ಕೌಂಟರಿಗೆ ಕೊಟ್ಟರೆ ದುಡ್ಡು ವಾಪಸ್. ಬೇಕಾದರೆ ಲೋಟವನ್ನೇ ಮನೆಗೆ ಒಯ್ಯಬಹುದು, ಆಗ ದುಡ್ಡು ಸಿಗುವುದಿಲ್ಲ. ಅಷ್ಟೇ ವ್ಯವಸ್ಥೆ. ಸಾವಿರಾರು ಜನ ಬಂದು ಹೋದ ಬಯಲಲ್ಲಿ ರಾತ್ರಿ ನೋಡಿದರೆ ಕಪ್ಪಿನ ರಾಶಿ ಇರುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಬಿದ್ದಿದ್ದ ಲೋಟವನ್ನೂ ಮಕ್ಕಳ ಹಾಗೆ ಓಡಿ ಹೋಗಿ ಎತ್ತಿ ತರುವವರಿದ್ದರು, ದುಡ್ಡು ಬರುತ್ತದಲ್ಲ.

ನಾನು ನಿಲ್ಲುತ್ತಿದ್ದುದು ಆ ವಾಪಸ್ ಕೌಂಟರಿನಲ್ಲಿ. ಲೋಟ ತಗೊಂಡು ಬೆಳಕಿಗೆ ಹಿಡಿದು ಒಡಕು ಇದೆಯಾ ಅಂತ ನೋಡಬೇಕು. ಅಂಚಿನ ಮೇಲೆ ಹೆಬ್ಬೆರಳು ಆಡಿಸಬಾರದು ಅಂತ ಮೊದಲ ದಿನವೇ ಹೇಳಿಕೊಟ್ಟರು. ಚೂರು ಹಾರಿದ್ದರೆ ಕೈ ಕುಯ್ಯುತ್ತದೆ, ಅದಕ್ಕೆ ಲೋಟವನ್ನು ಕೆಳಗಡೆಯಿಂದ ಹಿಡಿದು ತಿರುಗಿಸಿ ಕಣ್ಣಿಂದ ನೋಡಬೇಕು. ಒಡಕು ಇದ್ದದ್ದು ಒಂದು ಡಬ್ಬಿಗೆ, ಚಲೋ ಇದ್ದದ್ದು ಕ್ರೇಟಿಗೆ. ಕ್ರೇಟು ತುಂಬಿದರೆ ಹಿಂದೆ ತೊಳೆಯುವವರ ಹತ್ತಿರ. ಪಕ್ಕದಲ್ಲೇ ಒಂದು ಡಬ್ಬಿ ಇಟ್ಟಿದ್ದರು, ತಮ್ಮ ಮೂರು ಪೌಂಡ್ ಬೇಡ ಅನ್ನುವವರು ದಾನಕ್ಕೆ ಅದರಲ್ಲಿ ಹಾಕಬಹುದು. ಎಷ್ಟೋ ಜನ ಹಾಕುತ್ತಿದ್ದರು. ಒಬ್ಬ ಅಜ್ಜ ಲೋಟ ಕೊಡಲು ಬಂದು, ಕೊಡದೆ, ಅದರ ಮೇಲಿನ ಇಸವಿಯನ್ನು ಬೆರಳಿಂದ ಒರೆಸುತ್ತಾ ಸುಮಾರು ಹೊತ್ತು ನಿಂತಿದ್ದರು. ಕೊನೆಗೆ ಅದನ್ನು ಕೋಟಿನ ಜೇಬಿಗೆ ಇಳಿಸಿಕೊಂಡು ಹೋದರು. ಹೋಗುವಾಗ, ನನ್ನ ಹೆಂಡತಿ ಇದ್ದಾಗಿಂದ ಒಂದೊಂದು ವರ್ಷದ್ದೂ ಇದೆ, ಅಂದರು.

ಸೇವೆಗೆ ಬಂದವರ ವಿಷಯ ಇನ್ನೂ ಹೇಳಬೇಕು. ಬಂದ ಕೂಡಲೇ ಸಹಿ, ಹೋಗುವಾಗ ಸಹಿ. ನಡುವೆ ಕೂರುವುದಕ್ಕೆ ಹೊತ್ತು. ಊಟದ ಚೀಟಿ. ನಾನು ಸಸ್ಯಾಹಾರಿ ಅಂತ ಅರ್ಜಿಯಲ್ಲಿ ಬರೆದಿದ್ದೆ, ಮೂರನೇ ದಿನ ಅಡುಗೆಯವರೇ ಕರೆದು ನಿನ್ನದು ಇಲ್ಲಿದೆ ಅಂದರು. ತೀರಾ ಕುಡಿದವರಿಗೆ ಇನ್ನು ಕೊಡಲ್ಲ ಅಂತ ಹೇಳುವ ಅಧಿಕಾರ ಪಾಪದ ಹೊಸಬರಿಗೂ ಇರುತ್ತದೆ, ಅಲ್ಲಿಯ ಕಾನೂನೇ ಹಾಗಿದೆ, ಅಮಲೇರಿದವರಿಗೆ ಮತ್ತೆ ಮಾರುವುದು ತಪ್ಪು. ಹುಡುಗರ ಹಾಗೆ ಕಂಡರೆ ವಯಸ್ಸಿನ ಪುರಾವೆ ಕೇಳಲೇಬೇಕು. ಯಾರಾದರೂ ಜಗಳಕ್ಕೆ ಬಂದರೆ ನಾವು ಮಾತಾಡಬೇಕಿಲ್ಲ, ಕೈ ಎತ್ತಿದರೆ ಅದಕ್ಕೇ ಇರುವವರು ಬರುತ್ತಾರೆ. ಕುಡಿಯುವ ನೀರು ಬಿಟ್ಟಿ. ಕೇಳಿದವರಿಗೆ ನೀರು ಕೊಡಲೇಬೇಕು ಅನ್ನುವುದೂ ಅಲ್ಲಿ ಲೈಸೆನ್ಸಿನ ಷರತ್ತು.

ಈಗ ನಮ್ಮ ಅರವಟ್ಟಿಗೆ ನೋಡಿ. ಪಕ್ಕದ ಮನೆ ಕಾಕಾ ಅವರಿಗೆ 67 ವರ್ಷ. ಬೆಳಿಗ್ಗೆ ಒಂಬತ್ತಕ್ಕೆ ಸೌಟು ಹಿಡಿದವರು ಸಂಜೆ ನಾಲ್ಕರ ತನಕ ಬಿಟ್ಟಿಲ್ಲ. ಮಾರ್ಚಿನಲ್ಲೇ ನಮ್ಮಲ್ಲಿ ಬಿಸಿಲು 40ರ ಹತ್ತಿರ ಬರುತ್ತದೆ. ಕೂರ್ರಿ ಕಾಕಾ ಅಂದರೆ, "ಅಪ್ಪನ ಸೇವಾ ಮಾಡ್ಲಿಕ್ಕ ಬಂದೀನಿ, ಕೂಡ್ಲಿಕ್ಕ ಬಂದಿಲ್ಲ" ಅಂದರು. ಅಪ್ಪ ಅಂದರೆ ಶರಣಬಸವೇಶ್ವರರು. ನಾಲ್ಕು ಗಂಟೆಗೆ ಸೌಟು ಕೈಯಿಂದ ಜಾರಿತು. ಕಾಕಾ ಹಾಗೇ ಟೇಬಲ್ಲಿಗೆ ಒರಗಿದರು. ಮುಖ ಬೂದಿ ಬಣ್ಣ ಆಗಿತ್ತು. ಇಡೀ ದಿನ ಸಾವಿರಾರು ಜನಕ್ಕೆ ಮಜ್ಜಿಗೆ ಹಾಕಿದ ಮನುಷ್ಯ ತಾನು ಒಂದು ಲೋಟ ಕುಡಿದಿರಲಿಲ್ಲ. ಹತ್ತಿರದ ಆಸ್ಪತ್ರೆಗೆ ಒಯ್ದೆವು, ಗ್ಲುಕೋಸ್ ಹಚ್ಚಿದರು, ಆರಾಮಾದರು. ತೇರು ಎಳೆಯುವುದನ್ನು ಮಾತ್ರ ನೋಡಲು ಆಗಲಿಲ್ಲ ಅವರಿಗೆ. ಗುಡಿಯ ಪವಿತ್ರ ವಸ್ತುಗಳಾದ ಲಿಂಗ ಸಜ್ಜಿಕೆ, ಪರುಷ ಬಟ್ಟಲು ತೋರಿಸುವ ಹೊತ್ತಿಗೆ ಇಡೀ ಊರೇ ಅಲ್ಲಿ ನಿಂತಿರುತ್ತದೆ, ಉತ್ತತ್ತಿ ಬಾಳೆಹಣ್ಣು ಹಾರುತ್ತಿರುತ್ತವೆ, ಅವತ್ತು ಕಾಕಾ ಆಸ್ಪತ್ರೆ ಮಂಚದ ಮೇಲೆ ಮಲಗಿ ಜೈಕಾರ ಕೇಳಿದರು. ಎಷ್ಟು ವರ್ಷದಿಂದ ತಪ್ಪಿಸಿರಲಿಲ್ಲವೋ. ಎರಡು ಎರಡು ತಾಸಿನ ಪಾಳಿ ಬರೆದ ಒಂದು ನೋಟ್‌ಬುಕ್ ಇದ್ದಿದ್ದರೆ ಇದು ಆಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ನಮ್ಮಲ್ಲಿ ಸೇವೆ ಅಂದರೆ ದಣಿವು ಕಾಣಿಸಬಾರದು ಅನ್ನುವ ಒಂದು ಭಾವನೆ ಇದೆ. ಅದರ ಹಿಂದಿನ ಭಕ್ತಿ ದೊಡ್ಡದು, ನಾನು ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಪಾಳಿ ಹಚ್ಚಿದರೆ ಭಕ್ತಿ ಕಡಿಮೆ ಆಗುವುದಿಲ್ಲ. ಕಾಕಾ ಅವರೇ ಈಗ ಒಪ್ಪಿದ್ದಾರೆ.

ಇನ್ನು ಕಪ್ಪು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ ಎಲ್ಲ 2022ರ ಜುಲೈ 1ರಿಂದ ದೇಶದಲ್ಲಿ ಬಂದ್. ನಮ್ಮ ರಾಜ್ಯದಲ್ಲಂತೂ 2016ರಲ್ಲೇ ನಿಷೇಧ ಬಂದಿತ್ತು. ಹಾಗಾಗಿ ಎಲ್ಲರೂ ಪೇಪರ್ ಕಪ್ಪಿಗೆ ಬಂದೆವು, ಪೇಪರ್ ಅಲ್ವಾ, ಕರಗಿ ಹೋಗುತ್ತದೆ ಅಂತ. ಒಂದು ಕಪ್ಪು ತಗೊಂಡು ನೀರಲ್ಲಿ ನೆನೆಸಿ, ಮೆಲ್ಲಗೆ ಹರಿದು ನೋಡಿ. ಒಳಗಡೆ ತೆಳುವಾದ ಒಂದು ಪದರ ಸುಲಿದುಕೊಂಡು ಬರುತ್ತದೆ. ಅದು ಪ್ಲಾಸ್ಟಿಕ್. ಅದು ಇಲ್ಲದೆ ಪೇಪರಿನಲ್ಲಿ ಮಜ್ಜಿಗೆ ನಿಲ್ಲುವುದಿಲ್ಲ. ಆ ಪದರ ಇರುವುದರಿಂದಲೇ ಅದು ಬೇಗ ಮಣ್ಣಾಗುವುದಿಲ್ಲ, ರದ್ದಿಗೂ ಸುಲಭವಾಗಿ ಹೋಗುವುದಿಲ್ಲ. ಚರಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಮೊದಲ ಮಳೆಗೆ ರಸ್ತೆ ಮೇಲೆ ಬರುತ್ತದೆ. ಆಮೇಲೆ ನಾವೇ ಪಾಲಿಕೆಯವರನ್ನು ಬೈಯುತ್ತೇವೆ.

ಸ್ಟೀಲ್ ಲೋಟದ ಮಾತು ಗಲ್ಲಿಯಲ್ಲಿ ಎತ್ತಿದಾಗ ಬಂದ ಆಕ್ಷೇಪಗಳನ್ನೂ ಬರೆಯುತ್ತೇನೆ, ಓದುಗರಿಗೂ ಇವೇ ಬರುತ್ತವೆ.

ಮೊದಲು ಕದ್ದೊಯ್ಯುತ್ತಾರೆ ಅಂದರು. ಒಯ್ಯಲಿ ಬಿಡಿ ಅನ್ನುವಷ್ಟು ನಮ್ಮಲ್ಲಿ ದುಡ್ಡಿಲ್ಲ, ನಿಜ. ಅದಕ್ಕೇ ಅಲ್ಲಿಯ ಹಾಗೆ 20 ರೂಪಾಯಿ ಇಟ್ಟುಕೊಂಡು ಲೋಟ ಕೊಡೋಣ ಅಂದೆ. ಅದಕ್ಕೆ ಅವ್ವ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಳು, "ನೀರಡಿಸಿ ಬಂದವರ ಹತ್ರ ರೊಕ್ಕ ಕೇಳ್ತೀಯೇನೋ?" ಅವಳದು ಸರಿ. ಶರಣಬಸವೇಶ್ವರರ ಹೆಸರೇ ದಾಸೋಹದಿಂದ ಬೆಳೆದದ್ದು. ಜೇವರ್ಗಿ ಕಡೆಯ ಅರಳಗುಂಡಗಿಯಿಂದ ಬಂದು ಇಲ್ಲಿ ಹಸಿದವರಿಗೆ ಉಣಿಸಿದವರ ಜಾತ್ರೆಯಲ್ಲಿ ಕುಡಿಯಲು ಕೊಡುವುದಕ್ಕೆ ಅಡ ಇಡಿ ಅನ್ನಬಾರದು. ಹಾಗಾಗಿ ಬೇರೆ ದಾರಿ ಹಿಡಿದೆವು. ನಿಂತು ಕುಡಿದು ಲೋಟ ಅಲ್ಲೇ ಕೊಟ್ಟು ಹೋಗುವವರಿಂದ ಏನೂ ತಗೊಳ್ಳುವುದು ಬೇಡ. ನಡೆದುಕೊಂಡು ಕುಡಿಯಬೇಕು, ಮುಂದೆ ಕೂತ ಮನೆಯವರಿಗೆ ಒಯ್ಯಬೇಕು ಅನ್ನುವವರು ಮಾತ್ರ 20 ರೂಪಾಯಿ ಇಟ್ಟು ಲೋಟ ಒಯ್ಯಲಿ, ಯಾವ ಅರವಟ್ಟಿಗೆಗೆ ವಾಪಸ್ ಕೊಟ್ಟರೂ ರೊಕ್ಕ ಸಿಗಲಿ. ಅದಕ್ಕೆ ಅರವಟ್ಟಿಗೆಯವರೆಲ್ಲ ಒಂದೇ ಥರದ ಲೋಟ ಇಡಬೇಕಾಗುತ್ತದೆ, ಈ ಪತ್ರ ಬರೆಯುವುದಕ್ಕೆ ಅದೂ ಒಂದು ಕಾರಣ.

ಎಂಜಲಿನ ಮಾತೂ ಬಂತು. ನಮ್ಮ ಕಡೆ ಜನ ತುಟಿ ತಾಗಿಸದೆ ಎತ್ತಿ ಕುಡಿಯುತ್ತಾರೆ, ಆದರೆ ಎಲ್ಲರೂ ಅಲ್ಲ, ಮಕ್ಕಳಂತೂ ಅಲ್ಲ. ಹಾಗಾಗಿ ತೊಳೆಯುವುದು ಸರಿಯಾಗಿ ಆಗಲೇಬೇಕು. ಒಂದು ಬುಟ್ಟಿಯಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು, ಮೂರನೆಯದರಲ್ಲಿ ಕುದಿಯುವ ನೀರು. ಇಕ್ಕಳದಿಂದ ಎತ್ತಿ ಜಾಲರಿ ಬುಟ್ಟಿಯಲ್ಲಿ ಬೋರಲು ಹಾಕಬೇಕು, ಬಟ್ಟೆಯಿಂದ ಒರೆಸಬಾರದು, ಆ ಬಟ್ಟೆಯೇ ಎಲ್ಲಕ್ಕಿಂತ ಹೊಲಸು. ಬಿಸಿಲಿಗೆ ಎರಡು ನಿಮಿಷದಲ್ಲಿ ಒಣಗುತ್ತದೆ. ನಮ್ಮ ಕಲಬುರಗಿ ಬಿಸಿಲು ಇಂಥ ಕೆಲಸಕ್ಕಾದರೂ ಒದಗಲಿ. ನೀರು ಜಾಸ್ತಿ ಬೇಕಲ್ಲ ಅಂತ ಕೇಳಿದವರಿದ್ದಾರೆ, ಬೇಸಿಗೆಯಲ್ಲಿ ಭೀಮಾ ನದಿ, ಬೆಣ್ಣೆತೊರೆ ಕಡೆ ನೋಡುತ್ತಾ ಕೂರುವ ಊರು ನಮ್ಮದು. ಬುಟ್ಟಿಯಲ್ಲಿ ತೊಳೆದರೆ ನಲ್ಲಿ ಬಿಟ್ಟು ತೊಳೆದಷ್ಟು ನೀರು ಹೋಗುವುದಿಲ್ಲ. ಮನೆಯಲ್ಲಿ ನೂರು ಲೋಟ ತೊಳೆದು ನೋಡಿದೆವು, ಎರಡು ಬಕೆಟ್ ನೀರಲ್ಲಿ ಮುಗಿಯಿತು.

ಮೂರನೇ ಮಾತು ನನ್ನ ಬಾಲ್ಯದ ಗೆಳೆಯನದು. ಅದನ್ನು ಕೇಳಿ ನಾನು ಎರಡು ದಿನ ಈ ಪತ್ರ ಬರೆಯದೆ ಬಿಟ್ಟಿದ್ದೆ. ಅವನು ಹೇಳಿದ್ದು ಹೀಗೆ, "ನಮ್ಮಪ್ಪಗ ಹಳ್ಳಿ ಹೋಟೆಲ್‌ದಾಗ ಚಾ ಬ್ಯಾರೆ ಲೋಟದಾಗ ಕೊಡ್ತಿದ್ರು. ಹೊರಗ ಕಟ್ಟಿ ಮ್ಯಾಲ ಇಟ್ಟಿರ್ತಿದ್ರು, ಕುಡದು ಅವನೇ ತೊಳದು ಇಡಬೇಕು. ಪೇಪರ್ ಕಪ್ಪು ಬಂತು, ಆ ಲೋಟ ಹೋತು. ನಿನಗ ಕಪ್ಪು ಕಸ ಕಾಣ್ತದ. ನನಗ ಹಂಗ ಕಾಣಂಗಿಲ್ಲ." ನನಗೆ ಇದು ಹೊಳೆದೇ ಇರಲಿಲ್ಲ. ಒಂದೇ ಊರು, ಒಂದೇ ಶಾಲೆ, ಆದರೂ ಹೊಳೆದಿರಲಿಲ್ಲ.

ಅವನ ಜೊತೆ ಕೂತು ಮಾತಾಡಿದೆ. ಅವನೇ ಮೂರು ಷರತ್ತು ಹೇಳಿದ. ಲೋಟ ಎಲ್ಲ ಒಂದೇ ಥರ ಇರಬೇಕು, ಗುರುತು ಇರಬಾರದು. ತೊಳೆಯುವ ಪಾಳಿ ಎಲ್ಲರಿಗೂ ಬರಬೇಕು, ಡ್ರಮ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ದೊಡ್ಡವರಿಗೂ. ಮಜ್ಜಿಗೆ ಹಾಕುವ ಸೌಟು ಅವನ ಕೈಗೂ ಬರಬೇಕು. ಈ ಮೂರನೆಯದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಇಷ್ಟು ವರ್ಷ ನಮ್ಮ ಅರವಟ್ಟಿಗೆಗೆ ನೀರು ಹೊತ್ತು ತರುವುದಕ್ಕೆ, ಟೇಬಲ್ ಎತ್ತುವುದಕ್ಕೆ ಅವನನ್ನು ಕರೆದಿದ್ದೇವೆ. ಸೌಟು ಯಾವತ್ತೂ ಕೊಟ್ಟಿಲ್ಲ. ಯಾರೂ ಬೇಡ ಅಂದಿಲ್ಲ, ಯಾರೂ ಕೊಟ್ಟಿಲ್ಲ. ಇದನ್ನು ಪತ್ರಿಕೆಯಲ್ಲಿ ಬರೆಯಲಾ ಅಂತ ಅವನನ್ನೇ ಕೇಳಿದೆ. ಬರಿ, ಹೆಸರು ಹಾಕಬ್ಯಾಡ ಅಂದ.

ಹಾಗಾಗಿ ಪಾಳಿ ಪುಸ್ತಕ ಬರೀ ದಣಿವಿನ ಲೆಕ್ಕಕ್ಕೆ ಅಂತ ನಾನು ಮೊದಲು ಅಂದುಕೊಂಡಿದ್ದು ಪೂರ್ತಿ ಸರಿ ಇರಲಿಲ್ಲ. ಆ ಬಿಯರ್ ಡೇರೆಯಲ್ಲಿ ಮೇಷ್ಟ್ರೂ ಡ್ರೈವರೂ ಒಂದೇ ಕ್ರೇಟಿನ ಎರಡು ತುದಿ ಹಿಡಿದು ಹೋಗುತ್ತಿದ್ದರು, ಅದು ತಾನಾಗಿ ಆದದ್ದಲ್ಲ. ಯಾರು ಎಲ್ಲಿ ನಿಲ್ಲಬೇಕು ಅಂತ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದ್ದರು. ಬರೆದದ್ದಕ್ಕೆ ಒಂದು ಬಲ ಇರುತ್ತದೆ. ಬರೆಯದೆ ಬಿಟ್ಟರೆ ಹಳೇ ರೂಢಿಯೇ ಪಾಳಿ ಹಾಕುತ್ತದೆ.

ಕೊನೆಗೆ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಜಾತ್ರೆಯ ದಿನ ಮಧ್ಯಾಹ್ನ ಪಾದಯಾತ್ರೆಯಲ್ಲಿ ಬಂದಿದ್ದವರು, ಮಾತಿನಲ್ಲಿ ಸೊಲ್ಲಾಪುರ ಕಡೆಯವರು ಅನಿಸಿತು, ಕನ್ನಡ ಮರಾಠಿ ಎರಡೂ ಕಲೆಸಿ ಮಾತಾಡುತ್ತಿದ್ದರು. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು. ನಾನು ಪೇಪರ್ ಕಪ್ಪು ಮುಂದೆ ಹಿಡಿದೆ. ಅವರು ಸೆರಗಿನ ಗಂಟಿನಿಂದ ಒಂದು ಸಣ್ಣ ಹಿತ್ತಾಳೆ ತಂಬಿಗೆ ತೆಗೆದರು. ತಳ ತಗ್ಗಿ ಹೋಗಿತ್ತು, ಅಂಚಿಗೆ ಬೆಸುಗೆ ಹಾಕಿಸಿದ್ದು ಕಾಣುತ್ತಿತ್ತು. "ನಿನ್ನ ಕಪ್ಪು ಬ್ಯಾಡ ಯಪ್ಪಾ, ಇದರಾಗ ಹಾಕು" ಅಂದರು. ಎರಡು ಸೌಟು ಹಿಡಿಯಿತು. ಎತ್ತಿ ಗಟಗಟ ಕುಡಿದು, ತಳದಲ್ಲಿ ಉಳಿದದ್ದನ್ನು ಅಂಗೈಗೆ ಸುರಿದು ಕಣ್ಣಿಗೆ ಹಚ್ಚಿಕೊಂಡು, ತಂಬಿಗೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ನಡೆದರು. ಅವರು ಹೋದ ದಾರಿಯಲ್ಲಿ ಒಂದು ಚೂರು ಕಸ ಇರಲಿಲ್ಲ. ತಂಬಿಗೆ ಕಟ್ಟಿಕೊಂಡು ಜಾತ್ರೆಗೆ ಹೋಗುವುದು ನಮ್ಮ ಅಜ್ಜಿಯರ ಕಾಲದಲ್ಲಿ ಎಲ್ಲರ ರೂಢಿಯಾಗಿತ್ತು ಅಂತ ಅವ್ವ ಹೇಳುತ್ತಾಳೆ. ಹಾಗೆ ನೋಡಿದರೆ ನಾನು ಅಷ್ಟು ದೂರ ಹೋಗಿ ಕಲಿತದ್ದು ಆ ಅಜ್ಜಿಯ ಸೆರಗಿನಲ್ಲೇ ಇತ್ತು. ಜಾತ್ರೆಯ ಕರಪತ್ರದಲ್ಲಿ, ಪಾದಯಾತ್ರೆ ಹೊರಡುವ ಊರುಗಳಲ್ಲಿ, "ನಿಮ್ಮ ಲೋಟ ನೀವೇ ತನ್ನಿ" ಅಂತ ಒಂದು ಸಾಲು ಹಾಕಿಸಿದರೂ ಅರ್ಧ ಕೆಲಸ ಮುಗಿಯುತ್ತದೆ.

ನಾವು ಸುಮ್ನೆ ಪತ್ರ ಬರೆದು ಕೂತಿಲ್ಲ. ಗಲ್ಲಿಯ ಹದಿನಾಲ್ಕು ಮನೆಯವರು ಸೇರಿ 300 ಸ್ಟೀಲ್ ಲೋಟಕ್ಕೆ ದುಡ್ಡು ಕೂಡಿಸಿದ್ದೇವೆ. ಮುಂದಿನ ಜಾತ್ರೆಗೆ ನಮ್ಮ ಅರವಟ್ಟಿಗೆಯಲ್ಲಿ ಪೇಪರ್ ಕಪ್ಪು ಇರುವುದಿಲ್ಲ. ಅದೇ ರಸ್ತೆಯಲ್ಲಿ ಅರವಟ್ಟಿಗೆ ಹಾಕುವ ವ್ಯಾಪಾರಸ್ಥರು, ಸಂಘದವರು, ಕಾಲೇಜು ಹುಡುಗರು ಜೊತೆಗೆ ಬಂದರೆ ಒಂದೇ ಅಳತೆಯ ಲೋಟ ತರಿಸಬಹುದು, ತೊಳೆಯುವ ಜಾಗ ನಾಲ್ಕು ಅರವಟ್ಟಿಗೆಗೆ ಒಂದು ಸಾಕು. ಅದಕ್ಕೂ ಮೊದಲು ನಮ್ಮೂರಿನ ಸೂಫಿ ಸಂತ ಬಂದೇನವಾಜರ ದರ್ಗಾದ ಉರುಸು ಬಂದರೆ ಅಲ್ಲಿ ಶರಬತ್ತು ಹಂಚುವ ಗೆಳೆಯರಿಗೆ ಈ 300 ಲೋಟ ಕೊಡುತ್ತೇವೆ ಅಂತ ಮಾತಾಗಿದೆ, ಅವರೂ ಹೂಂ ಅಂದಿದ್ದಾರೆ. ಪಾಲಿಕೆಯವರಿಗೆ ನಾವು ಕೇಳುವುದು ಎರಡೇ, ತೊಳೆಯುವ ಜಾಗಕ್ಕೆ ಒಂದು ನೀರಿನ ಟ್ಯಾಂಕರ್, ಮತ್ತೆ ಚರಂಡಿಗೆ ಇಳಿಯುವ ಅಕ್ಕಂದಿರ ಕೈಗೆ ಗ್ಲೌಸು. ಗ್ಲೌಸು ಇವತ್ತೇ ಕೊಡಿ, ಅದಕ್ಕೆ ಜಾತ್ರೆ ಬರುವ ತನಕ ಕಾಯಬೇಡಿ.

ಪಾಳಿ ಪುಸ್ತಕ ತಂದಾಗಿದೆ. ನೂರು ಹಾಳೆಯ ಉದ್ದ ನೋಟ್‌ಬುಕ್ಕು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಲೋಟ ತೊಳೆಯುವುದು, ನನ್ನ ಹೆಸರು. ಅದೇ ಹೊತ್ತಿಗೆ ಸೌಟಿನ ಮುಂದೆ ನನ್ನ ಗೆಳೆಯನ ಹೆಸರು, ಅವನೇ ಪೆನ್ನು ತಗೊಂಡು ಬರೆದ. ಕಾಕಾ ಅವರದು ಮಧ್ಯಾಹ್ನ ಮೂರರಿಂದ ಐದು, ನೆರಳಿನಲ್ಲಿ, ಕುರ್ಚಿ ಮೇಲೆ ಕೂತು ರುಚಿ ನೋಡುವುದು. ಐದಕ್ಕೆ ಅವರನ್ನು ತೇರಿನ ಹತ್ತಿರ ಕರೆದುಕೊಂಡು ಹೋಗುವವರು ಯಾರು ಅನ್ನುವ ಸಾಲು ಇನ್ನೂ ಖಾಲಿ ಇದೆ.

ಇತಿ,
ಒಬ್ಬ ಓದುಗ,
ಬ್ರಹ್ಮಪುರ, ಕಲಬುರಗಿ